ಆರನ್ನು ಎರಡು ಬಗೆಯಲ್ಲಿ ಒಡೆದಾಗ

12ನ್ನು ಒಬ್ಬರು 2×6 ಎಂದು ಒಡೆಯಲಿ, ಇನ್ನೊಬ್ಬರು 3×4 ಎಂದು. ಇಬ್ಬರೂ ಒಡೆಯುತ್ತ ಹೋದರೆ ಕೊನೆಗುಳಿಯುವುದು ಅದೇ ಎರಡು 2, ಒಂದು 3. ಶಾಲೆಯಲ್ಲಿ ಲ.ಸಾ.ಅ. ಲೆಕ್ಕಕ್ಕೆಂದು ಇದನ್ನು ಕಲಿತು ಮರೆತಿರುತ್ತೇವೆ. ಎಂಥ ಆಸರೆಯಿದು ಎಂಬುದು ಕುಸಿದಾಗಲೇ ಗೊತ್ತಾಗುವುದು.

ಪೂರ್ಣಾಂಕಗಳ ಜೊತೆಗೆ ಮೈನಸ್ 5ರ ವರ್ಗಮೂಲವನ್ನೂ ಸೇರಿಸಿಕೊಳ್ಳಿ. ಅದನ್ನು ‘ವ’ ಎನ್ನೋಣ. ಈಗ 2×3 ಆರು. (1+ವ)×(1−ವ) ಕೂಡ ಆರೇ. ಈ ನಾಲ್ಕರಲ್ಲಿ ಯಾವುದೂ ಮುಂದೆ ಒಡೆಯದು. 1847ರ ಮಾರ್ಚ್‌ನಲ್ಲಿ ಫ್ರೆಂಚ್ ಗಣಿತಜ್ಞ ಲಾಮೆ ಪ್ಯಾರಿಸ್ ಅಕಾಡೆಮಿಯ ಮುಂದೆ ಫರ್ಮಾನ ಕೊನೆಯ ಪ್ರಮೇಯವನ್ನು ಸಾಧಿಸಿದೆನೆಂದು ಸಾರಿದರು. ಇಂಥದೇ ಹೊಸ ಸಂಖ್ಯೆಗಳು ಒಂದೇ ಬಗೆಯಲ್ಲಿ ಒಡೆಯುತ್ತವೆಂಬ ನಂಬಿಕೆಯ ಮೇಲೆ ನಿಂತಿದ್ದ ಆ ಸಾಧನೆ ಬಿದ್ದುಹೋಯಿತು.

ಜರ್ಮನಿಯ ಕುಮ್ಮರ್ ಅಷ್ಟರಲ್ಲಾಗಲೇ ಈ ಕುಸಿತವನ್ನು ಕಂಡಿದ್ದರು. ಒಡೆಯುವ ಕೆಲಸ ಮುಗಿದಿಲ್ಲ, ಕಣ್ಣಿಗೆ ಕಾಣದ ಇನ್ನೂ ಸಣ್ಣ ಸಂಖ್ಯೆಗಳಿವೆ ಎಂಬುದು ಅವರ ಊಹೆ. ಆ ಕಾಣದ್ದಕ್ಕೆ ಮೈ ಕೊಟ್ಟವರು ಡೆಡೆಕಿಂಡ್, 1871ರಲ್ಲಿ. ಅವರ ಉಪಾಯವನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಸಂಖ್ಯೆ ಸಿಗದಿದ್ದರೆ ಬೇಡ, ಅದರ ಅಪವರ್ತ್ಯಗಳ ಗುಂಪನ್ನೇ ಹಿಡಿಯೋಣ! ನಮ್ಮ ಲೋಕದಲ್ಲಿ ಅ+ಬವ ಎಂಬ ರೂಪದವನ್ನು ತೆಗೆದುಕೊಂಡು, ಅ, ಬ ಎರಡೂ ಸಮ ಅಥವಾ ಎರಡೂ ಬೆಸ ಆಗಿರುವುದನ್ನೆಲ್ಲ ಒಂದೆಡೆ ಕೂಡಿಸಿ. 2 ಇದರೊಳಗಿದೆ, 1+ವ ಇದೆ, 3 ಇಲ್ಲ. ಯಾವ ಒಂದು ಸಂಖ್ಯೆಯ ಅಪವರ್ತ್ಯಗಳೂ ಸರಿಯಾಗಿ ಈ ಗುಂಪಾಗುವುದಿಲ್ಲ. ಆದರೂ ಗುಂಪು ಒಂದು ಸಂಖ್ಯೆಯಂತೆಯೇ ನಡೆದುಕೊಳ್ಳುತ್ತದೆ. ಇದನ್ನು ಇದರಿಂದಲೇ ಗುಣಿಸಿದರೆ 2ರ ಅಪವರ್ತ್ಯಗಳು ಬರುತ್ತವೆ. ಗುಂಪುಗಳ ಮಟ್ಟದಲ್ಲಿ ಆರು ಮತ್ತೆ ಒಂದೇ ಬಗೆಯಲ್ಲಿ ಒಡೆಯುತ್ತದೆ. 2×3, (1+ವ)×(1−ವ) ಎರಡೂ 2×6, 3×4 ಇದ್ದ ಹಾಗೆ, ಅರ್ಧಕ್ಕೆ ನಿಂತ ಒಡೆತಗಳು.

ಗಟಿಂಗೆನ್‌ನಲ್ಲಿದ್ದ ಎಮ್ಮಿ ನೋಥರ್ 1921ರಲ್ಲಿ ಇನ್ನೂ ಮುಂದೆ ಹೋದರು. ಸಂಖ್ಯೆಗಳಾಗಲಿ, ಬಹುಪದೋಕ್ತಿಗಳಾಗಲಿ, ಒಳಗಿನ ವಸ್ತು ಯಾವುದೆಂದು ಅವರು ಕೇಳಲಿಲ್ಲ. ಒಂದಕ್ಕಿಂತ ಒಂದು ದೊಡ್ಡದಾಗುತ್ತ ಹೋಗುವ ಇಂಥ ಗುಂಪುಗಳ ಸರಪಳಿ ಎಲ್ಲಾದರೂ ನಿಲ್ಲಬೇಕು. ಇಷ್ಟಿದ್ದರೆ ಅವನ್ನು ಬಿಡಿಸುವ ದಾರಿ ಇದೆ ಎಂದು ತೋರಿಸಿದರು. ಇದೆಲ್ಲ ಡೆಡೆಕಿಂಡ್‌ರಲ್ಲೇ ಇದೆ ಎನ್ನುವುದು ಅವರ ವಾಡಿಕೆ. ಹೊಸ ಗಣಿತ ನೆಲ ಬಿಟ್ಟು ಹಾರಿತೆಂದು ದೂರುವವರ ಮುಂದೆ ನಾನು ಈ ಆರನ್ನೇ ಇಡುತ್ತೇನೆ.

ಪೆನ್ಸಿಲ್ ಹಿಡಿಯುವವರು ಈ ವಾರ ಇದೇ ಲೋಕದಲ್ಲಿ 21ನ್ನು ಒಡೆದು ನೋಡಿ. 3×7 ಒಂದು, (4+ವ)×(4−ವ) ಇನ್ನೊಂದು. ಮೂರನೆಯದೂ ಇದೆ.