ಕನ್ನಡಿಯೊಳಗಿನ ಈವಾ

ಇಂಗ್ಲಿಷ್ ಲೇಖಕ ಪೀಟರ್ ಡಿಕಿನ್ಸನ್ ಅವರ ‘ಈವಾ’ (1988) ಹದಿಹರೆಯದವರಿಗೆಂದು ಬರೆದ ವೈಜ್ಞಾನಿಕ ಕಾದಂಬರಿ. ಮಕ್ಕಳ ಕೈಗೆ ಕೊಡುವ ಮೊದಲು ನಾವೇ ಓದಿದ್ದು ಒಳ್ಳೆಯದಾಯಿತು. ಇದು ದೊಡ್ಡವರನ್ನೂ ಕಾಡುವ ಕಥೆ.

ಕಾರು ಅಪಘಾತಕ್ಕೆ ಸಿಕ್ಕ ಹದಿಮೂರರ ಈವಾ ಬಹುಕಾಲದ ಮೇಲೆ ಆಸ್ಪತ್ರೆಯಲ್ಲಿ ಕಣ್ಣು ತೆರೆಯುತ್ತಾಳೆ. ಕನ್ನಡಿಯಲ್ಲಿ ಕಾಣುವುದು ಚಿಂಪಾಂಜಿಯ ಮುಖ! ಅವಳ ನೆನಪು, ಬುದ್ಧಿಗಳನ್ನು ವೈದ್ಯರು ಕೆಲ್ಲಿ ಎಂಬ ಚಿಂಪಾಂಜಿಯ ಮಿದುಳಿಗೆ ಸಾಗಿಸಿದ್ದಾರೆ. ಮಾತಾಡಬೇಕಾದರೆ ಗುಂಡಿಗಳನ್ನು ಒತ್ತಬೇಕು. ಮಗಳು ಉಳಿದಳಲ್ಲ ಎಂದು ತಂದೆತಾಯಿಗೆ ಸಮಾಧಾನ. ಆದರೆ ಕೆಲ್ಲಿ? ಅವಳನ್ನು ಕೇಳಿದವರಾರು? ಈ ಪ್ರಶ್ನೆಯನ್ನು ಈವಾ ಮರೆಯುವುದಿಲ್ಲ. ಮೈಯೊಳಗೆ ಇನ್ನೂ ಉಳಿದಿರುವ ಕೆಲ್ಲಿಯ ಭಯ, ಬಯಕೆಗಳನ್ನು ಅದುಮಿಡದೆ ತನ್ನವೆಂದೇ ಒಪ್ಪಿಕೊಳ್ಳುತ್ತಾಳೆ. ತಂದೆ ಚಿಂಪಾಂಜಿಗಳನ್ನು ಅಭ್ಯಸಿಸುವ ವಿಜ್ಞಾನಿ. ಅವುಗಳ ನಡುವೆಯೇ ಆಡಿ ಬೆಳೆದವಳಾದ್ದರಿಂದ ಇದು ನಂಬುವಂತಿದೆ. ಕಾದಂಬರಿಯ ಜೀವಾಳ ಇಲ್ಲಿದೆ.

ಹಣ ಹೂಡಿದ ಕಂಪನಿಗಳು ಅವಳನ್ನು ಜಾಹೀರಾತಿಗೆ ಎಳೆಯುವ ಭಾಗ ಚುರುಕಾಗಿದೆ, ಆದರೆ ಆ ಜನರೆಲ್ಲ ಒಂದೇ ಅಚ್ಚಿನವರು. ನಮಗೆ ಹೆಚ್ಚಿನ ಕೊರತೆಯೆನಿಸಿದ್ದು ತಾಯಿಯ ಪಾತ್ರ. ಪರವೂರಲ್ಲಿ ಮಕ್ಕಳನ್ನು ಬೆಳೆಸುತ್ತ, ಅವರ ನಡೆನುಡಿ ಬೇರೆಯಾಗುವುದನ್ನು ನೋಡುತ್ತಿರುವ ನಮಗೆ ಆಕೆಯ ಸಂಕಟ ತಿಳಿಯುತ್ತದೆ. ಎದುರಿಗೇ ಇರುವ ಮಗಳಲ್ಲಿ ಆಕೆ ಹಳೆಯ ಮಗಳನ್ನು ಹುಡುಕುತ್ತಾಳೆ. ಲೇಖಕರು ಅದನ್ನು ಮುಟ್ಟಿ, ನಿಲ್ಲದೆ ಮುಂದೆ ಸಾಗಿಬಿಡುತ್ತಾರೆ. ಕೊನೆಗೆ ಈವಾ ಮನುಷ್ಯರನ್ನು ತೊರೆದು ಚಿಂಪಾಂಜಿಗಳೊಡನೆ ದೂರದ ದ್ವೀಪ ಸೇರಿದಾಗ ತಾಯಿಗೆ ಉಳಿದದ್ದೇನು? ಆ ಒಂದು ಅಧ್ಯಾಯ ಬೇಕಿತ್ತು.