ಇತಿಹಾಸದ ಕಪಾಟಿನಲ್ಲಿ ನಾಟಕ

ರಾಜಾಜಿನಗರದ ಪುಸ್ತಕದಂಗಡಿಯೊಂದರಲ್ಲಿ ‘ಇತಿಹಾಸ’ ಎಂಬ ಫಲಕದ ಕೆಳಗೆ ಅಡ್ಡಂಡ ಕಾರ್ಯಪ್ಪನವರ ‘ಟಿಪ್ಪು ನಿಜ ಕನಸುಗಳು’ ಕಂಡಿತು. ಅದು ನಾಟಕ. 2022ರಲ್ಲಿ ಮೈಸೂರಿನ ರಂಗಾಯಣ ಅದನ್ನು ರಂಗಕ್ಕೆ ತಂದಾಗ ಕಾರ್ಯಪ್ಪನವರೇ ಅಲ್ಲಿನ ನಿರ್ದೇಶಕರು. ಅಂಗಡಿಯವರನ್ನು ವಿಚಾರಿಸಿದರೆ, “ಟಿಪ್ಪು ಅಂದ್ಮೇಲೆ ಇತಿಹಾಸ ತಾನೇ ಸಾರ್?” ಎಂದರು. ಅವರಲ್ಲಿ ದುರುದ್ದೇಶ ಕಾಣಲಿಲ್ಲ. ಆದರೆ ಆ ಫಲಕವನ್ನು ನಂಬಿ ಕೊಳ್ಳುವ ಹುಡುಗ ಓದುವುದೇನು?

ಟಿಪ್ಪುವನ್ನು ಕೊಂದವರು ಉರಿಗೌಡ, ನಂಜೇಗೌಡ ಎನ್ನುತ್ತದೆ ನಾಟಕ. 1799ರ ಮೇ 4ರಂದು ಬ್ರಿಟಿಷ್ ಸೇನೆ ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದಾಗ ಟಿಪ್ಪು ಹೋರಾಡುತ್ತ ಮಡಿದನೆಂಬುದಕ್ಕೆ ಗೆದ್ದವರ ಬರಹಗಳೇ ಸಾಕ್ಷಿ. ಉರಿಗೌಡ-ನಂಜೇಗೌಡರ ಕುರಿತು ಚಿತ್ರ ತೆಗೆಯಹೊರಟಿದ್ದ ಅಂದಿನ ಸಚಿವ ಮುನಿರತ್ನ, 2023ರ ಮಾರ್ಚ್‌ನಲ್ಲಿ ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿಯವರು ದಾಖಲೆಯಿಲ್ಲದೆ ಮುಂದುವರಿಯಬಾರದೆಂದ ಮೇಲೆ ಅದನ್ನು ಕೈಬಿಟ್ಟರು. ಸಿನಿಮಾದವರು ಒಪ್ಪಿದ್ದನ್ನು ಪುಸ್ತಕದಂಗಡಿಯ ಕಪಾಟು ಇನ್ನೂ ಒಪ್ಪಿಲ್ಲ.

ಹಾಗಾದರೆ ನಿಷೇಧಿಸಬೇಕೆ? 2022ರ ನವೆಂಬರ್‌ನಲ್ಲಿ ಬೆಂಗಳೂರಿನ ಸಿವಿಲ್ ನ್ಯಾಯಾಲಯ ಪುಸ್ತಕದ ಮಾರಾಟಕ್ಕೆ ತಾತ್ಕಾಲಿಕ ತಡೆ ನೀಡಿತ್ತು. ಅನಂತರ ಅದು ತೆರವಾಯಿತು. ತಡೆಯಾಜ್ಞೆ ಪುಸ್ತಕಕ್ಕೆ ಪ್ರಚಾರ ಕೊಡಬಹುದು, ಸುಳ್ಳಿಗೆ ಉತ್ತರ ಕೊಡಲಾರದು. ನಾವು ಕೇಳಬೇಕಾದದ್ದು ಚಿಕ್ಕದು: ನಾಟಕ ನಾಟಕದ ಕಪಾಟಿನಲ್ಲಿರಲಿ. ಗಿರೀಶ್ ಕಾರ್ನಾಡರ ‘ಟಿಪ್ಪು ಸುಲ್ತಾನ ಕಂಡ ಕನಸು’ ನಮಗೆ ಪ್ರಿಯವೆಂದು ಅದನ್ನೂ ಇತಿಹಾಸವೆನ್ನಲಾಗದು. ಇತಿಹಾಸದ ಕಪಾಟಿನಲ್ಲಿ ದಾಖಲೆ ಆಧರಿಸಿದ ಕೃತಿಗಳಿರಲಿ. ಕೊಡಗಿನಲ್ಲಿ ಟಿಪ್ಪು ನಡೆಸಿದ ದಬ್ಬಾಳಿಕೆ, ಕರಾವಳಿಯ ಕ್ರೈಸ್ತರನ್ನು ಸೆರೆಯೊಯ್ದದ್ದು ಕೂಡ ಅವುಗಳಲ್ಲಿರಲಿ. ಅದನ್ನು ಮುಚ್ಚಿಟ್ಟು ನ್ಯಾಯ ಕೇಳುವ ನೈತಿಕ ಹಕ್ಕು ನಮಗಿಲ್ಲ.

ನಮ್ಮವರೇ ನಡೆಸುವ ಮಳಿಗೆಗಳತ್ತಲೂ ನೋಡೋಣ. ಯಹೂದಿಗಳು ಜಗತ್ತನ್ನಾಳಲು ಹೂಡಿದ ಸಂಚಿನ ದಾಖಲೆಯೆಂದು ಹೇಳಿಕೊಳ್ಳುವ ‘ಪ್ರೊಟೊಕಾಲ್ಸ್’ ಪುಸ್ತಕವನ್ನು ಅಂಥ ಒಂದು ಕಡೆ ಕಂಡಿದ್ದೇನೆ. ಮೊರಿಸ್ ಜೋಲಿ ಎಂಬ ಫ್ರೆಂಚ್ ಲೇಖಕ 1864ರಲ್ಲಿ ಬರೆದ, ಯಹೂದಿಗಳಿಗೆ ಸಂಬಂಧವೇ ಇಲ್ಲದ ರಾಜಕೀಯ ವಿಡಂಬನೆಯಿಂದ ಕದ್ದು ಹೆಣೆದ ನಕಲಿ ಅದೆಂದು ಲಂಡನ್ನಿನ ‘ಟೈಮ್ಸ್’ ಪತ್ರಿಕೆ 1921ರಲ್ಲೇ ಬಯಲು ಮಾಡಿತ್ತು. ಇಸ್ರೇಲಿನ ದೌರ್ಜನ್ಯವನ್ನು ಖಂಡಿಸಲು ಈ ಸುಳ್ಳಿನ ನೆರವು ಬೇಕಿಲ್ಲ. ದ್ವೇಷದ ಹೊತ್ತಿನಲ್ಲೂ ನ್ಯಾಯ ಬಿಡಬಾರದೆಂಬುದು ಕುರ್‌ಆನಿನ ಆದೇಶವಲ್ಲವೆ? ನಕಲಿಯೆಂದು ವಿವರಿಸುವ ಟಿಪ್ಪಣಿಯಿಲ್ಲದೆ ಅಂಥ ಪುಸ್ತಕವನ್ನು ಮಾರುವುದು ವಂಚನೆ.

ಪುಸ್ತಕ ವ್ಯಾಪಾರಿ ಎಲ್ಲ ಪುಟಗಳನ್ನೂ ಓದಬೇಕೆಂದು ಯಾರೂ ಹೇಳುವುದಿಲ್ಲ. ಗಿರಾಕಿಯೊಬ್ಬ ಆಧಾರಸಹಿತ ತಪ್ಪು ತೋರಿಸಿದಾಗ ಪುಸ್ತಕದ ಜಾಗ ಬದಲಿಸಿದರೆ ಸಾಕು. ಮೊದಲು ನಮ್ಮ ಮಳಿಗೆಯಲ್ಲಿ, ಆಮೇಲೆ ರಾಜಾಜಿನಗರದಲ್ಲಿ ಅದನ್ನು ಕೇಳೋಣ. ಅದಕ್ಕೆ ನ್ಯಾಯಾಲಯದ ಅಗತ್ಯವಿಲ್ಲ.