ಘರ್ಷಣೆಯ ನಿಯಂತ್ರಣ: ಒಂದು ಪದದ ವಿಮರ್ಶೆ

ವಿದ್ಯುತ್ ಕ್ಷೇತ್ರದಿಂದ ಅಣುಪದರಗಳ ನಡುವಣ ಘರ್ಷಣೆಯನ್ನು ನಿಯಂತ್ರಿಸಬಹುದೆಂಬ ಮಾತು ಈಚಿನ ಪ್ರಬಂಧಗಳಲ್ಲಿ ಮೇಲಿಂದ ಮೇಲೆ ಬರುತ್ತಿದೆ. ‘ನಿಯಂತ್ರಣ’ವೆಂಬುದನ್ನು ಒಪ್ಪುವ ಮೊದಲು, ನಿಯಂತ್ರಿತವಾದುದು ಯಾವುದೆಂದು ಕೇಳುವುದು ಉಚಿತ.

ವಿಷಯವೇನೋ ಹಳೆಯದು. ಒದ್ದೆಯಾದ ಸೀಮೆಸುಣ್ಣದ ಉರುಳೆಗೂ ಅದರ ಮೇಲೆ ಜಾರುವ ಲೋಹಕ್ಕೂ ನಡುವಣ ಘರ್ಷಣೆ ವಿದ್ಯುತ್ ಹರಿದಾಗ ತಗ್ಗುವುದನ್ನು ಎಡಿಸನ್ 1870ರ ದಶಕದಲ್ಲಿಯೇ ಕಂಡು, ದೂರವಾಣಿಯಲ್ಲಿ ಬಳಸಿದನು. ಆದರೆ ಅಲ್ಲಿ ರಾಸಾಯನಿಕ ಕ್ರಿಯೆಯನ್ನು ಕ್ಷೇತ್ರದ ಪ್ರಭಾವದಿಂದ ಬೇರ್ಪಡಿಸುವುದು ಕಷ್ಟ.

ಇನ್ನೊಂದು ತೊಡಕೂ ಉಂಟು. ಕ್ಷೇತ್ರವು ಎರಡು ಮೇಲ್ಮೈಗಳನ್ನು ಪರಸ್ಪರ ಸೆಳೆದು ಒತ್ತಿದರೆ ಘರ್ಷಣೆ ಹೆಚ್ಚುವುದು ಸಹಜ. ಭಾರ ಹೆಚ್ಚಿದಂತೆ ಘರ್ಷಣೆ ಹೆಚ್ಚುವುದೆಂದು ಅಮಾಂಟನ್ 1699ರಲ್ಲಿಯೇ ಹೇಳಿದ್ದನು. ಇದರಲ್ಲಿ ಪದರದ ಸ್ವಭಾವವೇನೂ ಬದಲಾಗಿಲ್ಲ.

2012ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದಕ್ಕಿಂತ ಮುಂದೆ ಹೋಗಿದೆ. ಚಿನ್ನ ಮತ್ತು ಸಿಲಿಕಾಗಳ ನಡುವೆ ಅಯಾನಿಕ ದ್ರವವನ್ನಿರಿಸಿ ಚಿನ್ನದ ವಿಭವವನ್ನು ಬದಲಿಸಿದಾಗ, ಸಂಧಿಯಲ್ಲಿ ಒಮ್ಮೆ ಧನ ಅಯಾನುಗಳೂ ಒಮ್ಮೆ ಋಣ ಅಯಾನುಗಳೂ ಅಧಿಕವಾದವು. ಜಾರುವ ಪದರವೇ ಬೇರೆಯಾಯಿತು. ಇಲ್ಲಿ ಆ ಪದಕ್ಕೆ ಅರ್ಥವುಂಟು.

ಆದುದರಿಂದ ಓದುಗನು ಕೇಳಬೇಕಾದುದು ಒಂದೇ: ವಿಭವವನ್ನು ಸ್ಥಿರವಾಗಿಟ್ಟು ಭಾರವನ್ನು ಬದಲಿಸುತ್ತ ಘರ್ಷಣೆಯನ್ನು ಅಳೆದಿರುವರೆ? ಭಾರ–ಘರ್ಷಣೆಗಳ ರೇಖೆ ಕೇವಲ ಮೇಲೆ ಕೆಳಗೆ ಸರಿದರೆ, ಸೆಳೆತವೇ ಕಾರಣವೆಂದು ಶಂಕಿಸಬೇಕು. ಇಳಿಜಾರು ಬದಲಾದರೆ, ಪದರದ ಗುಣವೇ ಬದಲಾಗಿದೆಯೆನ್ನಲು ಆಧಾರವುಂಟು. ಈ ಅಳತೆಯಿಲ್ಲದ ಪ್ರಬಂಧಕ್ಕೆ ‘ಪ್ರಭಾವ’ವೆಂಬ ಮಿತವಾದ ಪದವೇ ಸಾಕು.